ಕಂಡದ್ದನ್ನೂ ಪ್ರಮಾಣಿಸಿ ನೋಡಿದ ರಾಮನ್



ಬೇಸಿಗೆಯ ಉರಿಬಿಸಿಲಿನಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಮುಂದಿನ ಗಾಜಿನಿಂದ ರಸ್ತೆಯನ್ನು ನೋಡಿದ್ದೀರಾ? ದೂರದಲ್ಲಿ ಟಾರಿನ ಮೇಲೆ ನೀರು ನಿಂತಂತೆ ಕಾಣುತ್ತದೆ. ಬಸ್ಸು ಅಲ್ಲಿಗೆ ತಲುಪಿದರೆ ರಸ್ತೆ ಒಣಗಿಯೇ ಇರುತ್ತದೆ. ಕೆ.ಆರ್.ನಗರದ ನಾಲೆಯ ತಿಳಿನೀರಿನಲ್ಲಿ ಓರೆಯಾಗಿ ಇಳಿಸಿದ ಕೋಲು ಮುರಿದಂತೆ ಕಾಣುತ್ತದೆ. ಹೊರಗೆ ಎಳೆದರೆ ನೆಟ್ಟಗಿರುತ್ತದೆ. ಎಚ್.ಡಿ.ಕೋಟೆ ಕಡೆಯ ಕಬಿನಿ ಹಿನ್ನೀರು ಒಳ್ಳೆಯ ಬಿಸಿಲಿನ ದಿನ ನೀಲಿಯಾಗಿ ಕಾಣುತ್ತದೆ. ಅದೇ ನೀರನ್ನು ಲೋಟದಲ್ಲಿ ತುಂಬಿದರೆ ನೀಲಿ ಎಲ್ಲಿ ಹೋಯಿತು?

ಶಾಲಾ ಪ್ರವಾಸದಲ್ಲಿ ಬೆಂಗಳೂರಿನಂಥ ನಗರಕ್ಕೆ ಹೋದಾಗ ಇನ್ನೂ ಹೆಚ್ಚಿನ ಚಮತ್ಕಾರಗಳನ್ನು ನೋಡಬಹುದು. ದೃಷ್ಟಿಭ್ರಮೆಯ ಸಂಗ್ರಹಾಲಯಗಳಲ್ಲಿ ಒಂದೇ ಎತ್ತರದ ಇಬ್ಬರು ಗೆಳೆಯರಲ್ಲಿ ಒಬ್ಬ ದೈತ್ಯನಂತೆ, ಇನ್ನೊಬ್ಬ ಕುಳ್ಳನಂತೆ ಕಾಣುವ ಕೋಣೆ ಇರುತ್ತದೆ. ಒಳಕ್ಕೆ ಗುಳಿಯಾಗಿರುವ ಮುಖವಾಡ ಉಬ್ಬಿದಂತೆ ಕಂಡು, ನಾವು ನಡೆದ ಕಡೆಗೆಲ್ಲ ತಿರುಗಿ ನೋಡುತ್ತದೆ. ನೋಡಿ ನಕ್ಕು ಬಂದುಬಿಟ್ಟರೆ ಅದು ಜಾತ್ರೆಯ ಆಟ. ಹೀಗೇಕೆ ಕಂಡಿತು ಎಂದು ಕೇಳಿದರೆ ಅಲ್ಲಿಂದ ವಿಜ್ಞಾನ ಶುರುವಾಗುತ್ತದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಆ ಗಾದೆಯಂತೆ ಬದುಕಿದ ವಿಜ್ಞಾನಿಯೊಬ್ಬರು ನಮ್ಮ ಬೆಂಗಳೂರಿನಲ್ಲೇ 37 ವರ್ಷ ಇದ್ದರು. ಅವರೇ ಸರ್ ಸಿ.ವಿ.ರಾಮನ್.

ಪಟ್ಟಕದ ಮುಂದೆ ಹುಡುಗ

ಚಂದ್ರಶೇಖರ ವೆಂಕಟರಾಮನ್ 1888ರ ನವೆಂಬರ್ 7ರಂದು ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತವಿಜ್ಞಾನ ಕಲಿಸುತ್ತಿದ್ದ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ರಾಮನ್ ಅವರ ಬಾಲ್ಯ ಕಡಲ ತೀರದ ಆ ಊರಿನಲ್ಲಿ ಕಳೆಯಿತು. ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದರು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ 1904ರಲ್ಲಿ ಬಿ.ಎ. ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು.

ಆ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ದಿನ ರಾಮನ್ ಗಾಜಿನ ಪಟ್ಟಕದ ಕೋನವನ್ನು ಅಳೆಯುತ್ತಿದ್ದರು. ಬೆಳಕು ತೀರಾ ಓರೆಯಾಗಿ ಬಿದ್ದಾಗ ಕೆಲವು ಪಟ್ಟೆಗಳು ಕಂಡವು. ಅಳತೆಯ ಪಾಠಕ್ಕೂ ಆ ಪಟ್ಟೆಗಳಿಗೂ ಸಂಬಂಧವಿರಲಿಲ್ಲ. ಕಣ್ಣಿಗೆ ಏನೋ ಕಂಡಿತು ಎಂದು ಬಿಡದೆ ರಾಮನ್ ಅವುಗಳ ಬೆನ್ನು ಹತ್ತಿದರು. ಬೆಳಕು ಅಲೆಯಂತೆ ವರ್ತಿಸುವುದರಿಂದ ಆ ಪಟ್ಟೆಗಳು ಮೂಡುತ್ತವೆ ಎಂದು ವಿವರಿಸಿ ಲೇಖನ ಬರೆದರು. ಅದು 1906ರ ನವೆಂಬರಿನಲ್ಲಿ ಲಂಡನ್ನಿನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವರ ವಯಸ್ಸು 18.

ಎರಡು ಹೊತ್ತಿನ ಸಂಶೋಧಕ

ಆ ಕಾಲದಲ್ಲಿ ನಮ್ಮ ದೇಶದಲ್ಲಿ ಸಂಶೋಧನೆಯನ್ನೇ ವೃತ್ತಿ ಮಾಡಿಕೊಳ್ಳುವ ಅವಕಾಶ ತೀರಾ ಕಡಿಮೆ ಇತ್ತು. 1907ರಲ್ಲಿ ಎಂ.ಎ. ಮುಗಿಸಿದ ರಾಮನ್ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಅದೇ ವರ್ಷ ಲೋಕಸುಂದರಿ ಅವರೊಂದಿಗೆ ಮದುವೆಯೂ ಆಯಿತು. ಕೈತುಂಬ ಸಂಬಳ ಬರುತ್ತಿತ್ತು. ಆದರೆ ಮನಸ್ಸು ಬೆಳಕು ಮತ್ತು ಶಬ್ದದ ಹಿಂದೆಯೇ ಓಡುತ್ತಿತ್ತು.

ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯ ಕಟ್ಟಡವೊಂದರ ಮೇಲೆ ವಿಜ್ಞಾನ ಸಂಘದ ಫಲಕ ಕಂಡಿತು. ಅದು ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ಸಂಸ್ಥೆ. ಅಲ್ಲಿ ಪ್ರಯೋಗಾಲಯವಿತ್ತು, ಕೆಲಸ ಮಾಡುವವರು ಕಡಿಮೆ ಇದ್ದರು. ಅಂದಿನಿಂದ ರಾಮನ್ ಬೆಳಗ್ಗೆ ಕಚೇರಿಗೆ ಮುಂಚೆ ಮತ್ತು ಸಂಜೆ ಕಚೇರಿ ಮುಗಿದ ಮೇಲೆ ಅಲ್ಲಿ ಪ್ರಯೋಗ ಮಾಡತೊಡಗಿದರು. ವೀಣೆಯ ತಂತಿ, ಮೃದಂಗದ ಚರ್ಮ ಎಲ್ಲವೂ ಅವರ ಪ್ರಯೋಗದ ವಸ್ತುಗಳಾದವು. ಹತ್ತು ವರ್ಷ ಹೀಗೆ ನಡೆಯಿತು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಹುದ್ದೆಗೆ ಕರೆದಾಗ, ಸಂಬಳ ಕಡಿಮೆಯಾದರೂ ದೊಡ್ಡ ಸರ್ಕಾರಿ ಕೆಲಸವನ್ನು ಬಿಟ್ಟು ಹೋದರು.

ಕಡಲೇಕೆ ನೀಲಿ?

1921ರಲ್ಲಿ ರಾಮನ್ ಮೊದಲ ಬಾರಿಗೆ ಇಂಗ್ಲೆಂಡಿಗೆ ಹಡಗಿನಲ್ಲಿ ಹೋದರು. ದಾರಿಯಲ್ಲಿ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಸೆಳೆಯಿತು. ಕಡಲಿಗೆ ಸ್ವಂತ ಬಣ್ಣವಿಲ್ಲ, ಆಕಾಶದ ನೀಲಿ ಅದರಲ್ಲಿ ಪ್ರತಿಫಲಿಸುತ್ತದೆ ಅಷ್ಟೇ ಎಂದು ಆಗಿನ ಮಹಾ ವಿಜ್ಞಾನಿ ಲಾರ್ಡ್ ರೇಲಿ ಹೇಳಿದ್ದರು. ಅಂದರೆ ಕಡಲಿನ ನೀಲಿ ಒಂದು ಬಗೆಯ ಕನ್ನಡಿಯಾಟ. ನೊಬೆಲ್ ಬಹುಮಾನ ಪಡೆದವರ ಮಾತಾದ್ದರಿಂದ ಹೆಚ್ಚಿನವರು ಒಪ್ಪಿದ್ದರು. ರಾಮನ್ ಪರೀಕ್ಷಿಸಲು ನಿಶ್ಚಯಿಸಿದರು.

ಹಿಂದಿರುಗುವಾಗ ನಾರ್ಕುಂಡ ಎಂಬ ಹಡಗಿನ ಮೇಲೆ ಅವರ ಬಳಿ ನಿಕೋಲ್ ಪಟ್ಟಕ ಎಂಬ ಚಿಕ್ಕ ಉಪಕರಣವಿತ್ತು. ಅದರ ಕೆಲಸ ಹೀಗೆ. ಕಿಟಕಿಯ ಉದ್ದ ಸರಳುಗಳ ನಡುವೆ ಹಲಗೆಯನ್ನು ನಿಲ್ಲಿಸಿ ತೂರಿಸಬಹುದು, ಅಡ್ಡ ಹಿಡಿದರೆ ತೂರದು. ನೀರಿನ ಮೇಲಿಂದ ಒಂದು ನಿರ್ದಿಷ್ಟ ಓರೆಯಲ್ಲಿ ಪ್ರತಿಫಲಿಸಿದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ನಿಕೋಲ್ ಪಟ್ಟಕವನ್ನು ಸರಿಯಾಗಿ ತಿರುಗಿಸಿದರೆ ಆ ಬೆಳಕು ಸರಳಿಗೆ ಅಡ್ಡ ಹಿಡಿದ ಹಲಗೆಯಂತೆ ತಡೆಯಲ್ಪಡುತ್ತದೆ. ರಾಮನ್ ಹೀಗೆ ಆಕಾಶದ ಪ್ರತಿಬಿಂಬವನ್ನು ಅಳಿಸಿ ಕಡಲನ್ನು ನೋಡಿದರು. ನೀಲಿ ಮಾಯವಾಗಲಿಲ್ಲ! ಅದು ಮತ್ತಷ್ಟು ಗಾಢವಾಗಿ ಕಂಡಿತು. ನೀಲಿ ನೀರಿನ ಒಳಗಿನಿಂದಲೇ ಬರುತ್ತಿತ್ತು.

ನೀರಿನ ಅಣುಗಳು ಬೆಳಕನ್ನು ಚದುರಿಸುತ್ತವೆ, ನೀಲಿಯನ್ನು ಹೆಚ್ಚು ಚದುರಿಸುತ್ತವೆ ಎಂದು ರಾಮನ್ ವಿವರಿಸಿದರು. ಆಳವಾದ ಶುದ್ಧ ನೀರು ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುವುದೂ ಇದಕ್ಕೆ ಮುಖ್ಯ ಕಾರಣ ಎಂದು ಈಗ ನಮಗೆ ತಿಳಿದಿದೆ. ಲೋಟದ ನೀರಿನ ಆಳ ಬಹಳ ಕಡಿಮೆ, ಆದ್ದರಿಂದ ಬಣ್ಣ ಕಾಣುವುದಿಲ್ಲ. ನಮ್ಮ ಕೆರೆ, ಹಿನ್ನೀರುಗಳಲ್ಲಿ ಮಣ್ಣು, ಪಾಚಿ, ಆಕಾಶದ ಪ್ರತಿಬಿಂಬ ಎಲ್ಲವೂ ಸೇರಿ ಬಣ್ಣವನ್ನು ನಿರ್ಧರಿಸುತ್ತವೆ.

ಕತ್ತಲೆ ಇರಬೇಕಾದಲ್ಲಿ ಬೆಳಕು

ಕಲ್ಕತ್ತೆಗೆ ಬಂದ ಮೇಲೆ ರಾಮನ್ ಮತ್ತು ಅವರ ಶಿಷ್ಯರು ದ್ರವಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂಬುದನ್ನು ಏಳು ವರ್ಷ ಅಭ್ಯಾಸ ಮಾಡಿದರು. 1928ರಲ್ಲಿ ಕೆ.ಎಸ್.ಕೃಷ್ಣನ್ ಅವರೊಂದಿಗೆ ಮಾಡಿದ ಪ್ರಯೋಗ ಬಹಳ ಸರಳವಾದದ್ದು. ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ, ನೇರಳೆ ಬಣ್ಣದ ಶೋಧಕದ ಮೂಲಕ ಶುದ್ಧ ದ್ರವಕ್ಕೆ ಹಾಯಿಸಿದರು. ದ್ರವದಿಂದ ಚದುರಿದ ಬೆಳಕಿಗೆ ಅಡ್ಡವಾಗಿ ಹಳದಿ-ಹಸಿರು ಶೋಧಕವನ್ನು ಇಟ್ಟರು. ಅದು ನೇರಳೆಯನ್ನು ಒಳಗೆ ಬಿಡುವುದಿಲ್ಲ. ಹಾಗಾದರೆ ಪೂರ್ತಿ ಕತ್ತಲೆ ಕಾಣಬೇಕಿತ್ತು. ಆದರೆ ಮಂಕಾದ ಬೆಳಕೊಂದು ಕಂಡಿತು.

ಅದು ಕಣ್ಣಿನ ಭ್ರಮೆಯೇ? ದ್ರವದಲ್ಲಿದ್ದ ಕೊಳೆಯಿಂದ ಬಂದ ಹೊಳಪೇ? ಅವರು ದ್ರವಗಳನ್ನು ಮತ್ತೆ ಮತ್ತೆ ಶುದ್ಧಗೊಳಿಸಿದರು. ಸುಮಾರು 60 ದ್ರವಗಳಲ್ಲಿ ನೋಡಿದರು. ಎಲ್ಲದರಲ್ಲೂ ಆ ಬೆಳಕು ಇತ್ತು. ಅದರ ಕಂಪನದ ದಿಕ್ಕನ್ನು ಪರೀಕ್ಷಿಸಿದಾಗ ಸಾಮಾನ್ಯ ಹೊಳಪಿನಂತೆ ಅದು ಇರಲಿಲ್ಲ. ಫೆಬ್ರವರಿ 28ರಂದು ರೋಹಿತದರ್ಶಕದಲ್ಲಿ ನೋಡಿದಾಗ, ಹಾಯಿಸಿದ ಬೆಳಕಿನ ಪಕ್ಕದಲ್ಲಿ ಬೇರೆ ಬಣ್ಣದ ಬೆಳಕು ಬೇರೆಯಾಗಿಯೇ ಕಂಡಿತು. ಚದುರುವಾಗ ಬೆಳಕಿನ ಅಲ್ಪ ಭಾಗವು ಅಣುಗಳೊಂದಿಗೆ ಶಕ್ತಿಯನ್ನು ಹಂಚಿಕೊಂಡು ಬಣ್ಣ ಬದಲಿಸುತ್ತದೆ. ಇದೇ ರಾಮನ್ ಪರಿಣಾಮ. ಒಂದೊಂದು ವಸ್ತುವಿಗೂ ಈ ಬದಲಾವಣೆ ಒಂದೊಂದು ರೀತಿ, ಹೆಬ್ಬೆಟ್ಟಿನ ಗುರುತಿನಂತೆ. ಔಷಧಿ ಅಸಲಿಯೋ ನಕಲಿಯೋ, ಹರಳು ನಿಜವೋ ಸುಳ್ಳೋ ಎಂದು ತಿಳಿಯಲು ಇದನ್ನು ಇಂದು ಬಳಸುತ್ತಾರೆ. 1930ರಲ್ಲಿ ರಾಮನ್ ಅವರಿಗೆ ನೊಬೆಲ್ ಬಹುಮಾನ ಬಂದಿತು. ವಿಜ್ಞಾನದಲ್ಲಿ ಈ ಬಹುಮಾನ ಪಡೆದ ಮೊದಲ ಏಷ್ಯನ್ನರು ಅವರು. ಫೆಬ್ರವರಿ 28ನ್ನು ನಾವು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ.

ಬೆಂಗಳೂರಿನ ದಿನಗಳು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಜನರು ಟಾಟಾ ಇನ್ಸ್ಟಿಟ್ಯೂಟ್ ಎಂದು ಕರೆಯುವ ಆ ಸಂಸ್ಥೆಗೆ ಅವರೇ ಮೊದಲ ಭಾರತೀಯ ನಿರ್ದೇಶಕರು. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1935ರಲ್ಲಿ ಅವರಿಗೆ ರಾಜಸಭಾಭೂಷಣ ಬಿರುದು ನೀಡಿದರು. ಆಡಳಿತದಲ್ಲಿ ಭಿನ್ನಾಭಿಪ್ರಾಯಗಳು ಬಂದು 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರೂ 1948ರವರೆಗೆ ಅಲ್ಲೇ ಪ್ರಾಧ್ಯಾಪಕರಾಗಿದ್ದರು. ಆಮೇಲೆ ಮೈಸೂರು ಸಂಸ್ಥಾನ ಕೊಟ್ಟಿದ್ದ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1954ರಲ್ಲಿ ಭಾರತ ರತ್ನ ಬಂದಿತು.

ಆ ಸಂಸ್ಥೆಯಲ್ಲಿ ಅವರು ಹರಳುಗಳು, ಖನಿಜಗಳು, ಚಿಪ್ಪುಗಳು, ಚಿಟ್ಟೆಗಳನ್ನು ಕೂಡಿಸಿ ಸಂಗ್ರಹಾಲಯ ಮಾಡಿದರು. ಅಲ್ಲಿನ ಕತ್ತಲೆ ಕೋಣೆಯಲ್ಲಿ ಸಾಧಾರಣವಾಗಿ ಕಾಣುವ ಕಲ್ಲುಗಳ ಮೇಲೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಬಿದ್ದಾಗ ಅವು ಬಣ್ಣಬಣ್ಣವಾಗಿ ಹೊಳೆಯುತ್ತವೆ. ಶಾಲಾ ಮಕ್ಕಳಿಗೆ ಇವನ್ನೆಲ್ಲ ತೋರಿಸುವುದೆಂದರೆ ರಾಮನ್ ಅವರಿಗೆ ಬಲು ಸಂತೋಷ.

ಬಿಸಿಲಿನ ರಸ್ತೆಯ ಸುಳ್ಳುನೀರನ್ನೂ ಅವರು ಬಿಡಲಿಲ್ಲ. ಇದಕ್ಕೆ ಮರೀಚಿಕೆ ಎಂದು ಹೆಸರು. ಕಾದ ನೆಲದ ಬಳಿಯ ಗಾಳಿ ಮೇಲಿನ ಗಾಳಿಗಿಂತ ತೆಳುವಾಗಿರುತ್ತದೆ. ಓರೆಯಾಗಿ ಇಳಿದ ಆಕಾಶದ ಬೆಳಕು ಅಲ್ಲಿ ಬಾಗಿ ಮೇಲಕ್ಕೆ ತಿರುಗಿ ನಮ್ಮ ಕಣ್ಣು ಸೇರುತ್ತದೆ. ನಾವು ಕಂಡದ್ದು ನೀರಲ್ಲ, ಆಕಾಶದ ತುಂಡು! ಬೆಳಕನ್ನು ಅಲೆ ಎಂದು ತಿಳಿದಾಗ ಮರೀಚಿಕೆಯಲ್ಲಿ ಇನ್ನೇನು ಕಾಣಬೇಕು ಎಂಬುದನ್ನು ಅಭ್ಯಾಸ ಮಾಡಿ, ರಾಮನ್ ಮತ್ತು ಎಸ್.ಪಂಚರತ್ನಂ 1959ರಲ್ಲಿ ಲೇಖನ ಪ್ರಕಟಿಸಿದರು.

ಕಣ್ಣನ್ನೇ ಪರೀಕ್ಷಿಸಿದರು

ಎಪ್ಪತ್ತು ವರ್ಷ ದಾಟಿದ ಮೇಲೆ ರಾಮನ್ ಹೊಸದೊಂದು ವಿಷಯ ಹಿಡಿದರು. ಬದುಕಿನುದ್ದಕ್ಕೂ ಯಾವ ಕಣ್ಣಿನಿಂದ ಬೆಳಕನ್ನು ನೋಡಿದರೋ ಆ ಕಣ್ಣೇ ಹೇಗೆ ನೋಡುತ್ತದೆ? ತೋಟದ ಹೂಗಳ ಬಣ್ಣಗಳನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸಿದರು. ಬಣ್ಣದ ಶೋಧಕವೊಂದನ್ನು ಕಣ್ಣಿನ ಮುಂದೆ ಹಿಡಿದು, ಬೆಳಗಿದ ಬಿಳಿ ಪರದೆಯ ಒಂದೇ ಜಾಗವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ತಟ್ಟನೆ ಶೋಧಕವನ್ನು ತೆಗೆಯುತ್ತಿದ್ದರು. ಆಗ ಪರದೆಯ ಮೇಲೆ ಬೇರೆ ಬಣ್ಣದ ದೊಡ್ಡ ಚಿತ್ರವೊಂದು ಕ್ಷಣಕಾಲ ಮೂಡುತ್ತಿತ್ತು. ಪರದೆಯಲ್ಲಿ ನಿಜವಾಗಿ ಏನೂ ಇರಲಿಲ್ಲ. ತಮ್ಮದೇ ಅಕ್ಷಿಪಟಲದ ಕೆಲಸ ಹೀಗೆ ಹೊರಗೆ ಕಾಣುತ್ತಿದೆ ಎಂದು ಅವರು ವಿವರಿಸಿದರು. ಈ ಸಂಶೋಧನೆಗಳನ್ನೆಲ್ಲ 1968ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೆಂಪು, ಹಸಿರು, ನೀಲಿ ಭಾಗಗಳಿಗೆ ಹೆಚ್ಚು ಸ್ಪಂದಿಸುವ ಮೂರು ಬಗೆಯ ಗ್ರಾಹಕಗಳಿಂದ ಕಣ್ಣು ಎಲ್ಲ ಬಣ್ಣಗಳನ್ನೂ ಗುರುತಿಸುತ್ತದೆ ಎಂಬ ಸಿದ್ಧಾಂತವನ್ನು ರಾಮನ್ ಒಪ್ಪಲಿಲ್ಲ. ಆದರೆ 1964ರಲ್ಲಿ ಅಮೆರಿಕದ ವಿಜ್ಞಾನಿಗಳು ಅಕ್ಷಿಪಟಲದ ಶಂಕುಕೋಶಗಳನ್ನು ಒಂದೊಂದಾಗಿ ಅಳೆದು ಮೂರು ಬಗೆ ಇರುವುದನ್ನು ತೋರಿಸಿದರು. ಮುಂದಿನ ಸಂಶೋಧನೆಗಳೂ ಅದನ್ನೇ ಖಚಿತಪಡಿಸಿದವು. ಈ ವಿಷಯದಲ್ಲಿ ರಾಮನ್ ಅವರ ನಿಲುವು ನಿಲ್ಲಲಿಲ್ಲ. ಅಂದು ಲಾರ್ಡ್ ರೇಲಿಯ ಮಾತನ್ನು ಪ್ರಯೋಗ ತಿದ್ದಿತ್ತು, ಇಂದು ರಾಮನ್ ಅವರ ಮಾತನ್ನೂ ಪ್ರಯೋಗವೇ ತಿದ್ದಿತು. ವಿಜ್ಞಾನದಲ್ಲಿ ದೊಡ್ಡವರ ಹೆಸರು ಕೊನೆಯ ಉತ್ತರವಲ್ಲ.

ರಾಮನ್ 1970ರ ನವೆಂಬರ್ 21ರಂದು ತಮ್ಮ ಸಂಸ್ಥೆಯಲ್ಲೇ ಕೊನೆಯುಸಿರೆಳೆದರು. ಅವರ ಅಂತ್ಯಕ್ರಿಯೆ ಅದೇ ಆವರಣದಲ್ಲಿ ನಡೆಯಿತು. ಆ ಜಾಗದಲ್ಲಿ ಗೋರಿ ಇಲ್ಲ, ಒಂದು ಮರವಿದೆ.

ಪ್ರವಾಸಕ್ಕೆ ಮುಂಚೆ ಮಾಡಿ ನೋಡಿ

ಮೋಸ ಮೂರು ಕಡೆ ನಡೆಯಬಹುದು: ಬೆಳಕಿನ ದಾರಿಯಲ್ಲಿ, ಕಣ್ಣಿನಲ್ಲಿ, ಮೆದುಳಿನಲ್ಲಿ.

1. ಬಟ್ಟಲಿನ ತಳದಲ್ಲಿ ನಾಣ್ಯ ಇಡಿ. ಅಂಚು ಅಡ್ಡ ಬಂದು ನಾಣ್ಯ ಮರೆಯಾಗುವಷ್ಟು ಹಿಂದೆ ಸರಿಯಿರಿ. ಗೆಳೆಯ ನಿಧಾನವಾಗಿ ನೀರು ಹೊಯ್ಯಲಿ. ನಾಣ್ಯ ಮತ್ತೆ ಕಾಣುತ್ತದೆ. ಇದು ಬೆಳಕು ಬಾಗಿದ್ದರ ಫಲ.

2. ಕೆಂಪು ಕಾಗದದ ತುಂಡನ್ನು ಬಿಳಿ ಹಾಳೆಯ ಮೇಲಿಟ್ಟು 30 ಎಣಿಸುವವರೆಗೆ ಕಣ್ಣು ಕದಲಿಸದೆ ನೋಡಿ. ಕಾಗದ ತೆಗೆದರೆ ಆ ಜಾಗದಲ್ಲಿ ಹಸಿರು-ನೀಲಿ ಛಾಯೆ ಕಾಣುತ್ತದೆ. ಕೆಂಪನ್ನು ಗ್ರಹಿಸುವ ಕೋಶಗಳು ದಣಿದಿರುವುದೇ ಇದಕ್ಕೆ ಮುಖ್ಯ ಕಾರಣ. (ಸೂರ್ಯನನ್ನು ಎಂದಿಗೂ ನೇರವಾಗಿ ನೋಡಬಾರದು.)

3. ಒಂದೇ ಉದ್ದದ ಎರಡು ಗೆರೆ ಎಳೆಯಿರಿ. ಒಂದರ ತುದಿಗಳಿಗೆ ಒಳಮುಖವಾಗಿ, ಇನ್ನೊಂದಕ್ಕೆ ಹೊರಮುಖವಾಗಿ ಬಾಣದ ರೆಕ್ಕೆ ಬರೆಯಿರಿ. ಹೊರಮುಖ ರೆಕ್ಕೆಯ ಗೆರೆಯೇ ಉದ್ದ ಕಾಣುತ್ತದೆ. ಅಳತೆಪಟ್ಟಿ ಇಟ್ಟು ನೋಡಿ. ಇಲ್ಲಿ ಬೆಳಕೂ ಕಣ್ಣೂ ಸರಿಯಾಗಿವೆ, ಲೆಕ್ಕ ತಪ್ಪಿದ್ದು ಮೆದುಳು.

ಸಂಗ್ರಹಾಲಯಕ್ಕೆ ಹೋದಾಗ ಪ್ರತಿ ಪ್ರದರ್ಶಿಕೆಯ ಮುಂದೆ ನಿಂತು ಈ ಮೂರರಲ್ಲಿ ಮೋಸ ಎಲ್ಲಿದೆ, ಅದನ್ನು ಹೇಗೆ ಪರೀಕ್ಷಿಸಬಹುದು ಎಂದು ಗುಂಪಿನಲ್ಲಿ ಚರ್ಚಿಸಿ. ಜೇಬಿನಲ್ಲಿ ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ ಇರಲಿ.