ಅದೃಷ್ಟದ ಸಾಲಕ್ಕೆ ಲೆಕ್ಕ ಇಟ್ಟ ಸೆನೆಕಾ

ಕ್ರಿ.ಶ. 41ರಲ್ಲಿ ಹೆಲ್ವಿಯಾ ಎಂಬ ಅಜ್ಜಿಯ ತೋಳಿನಲ್ಲೇ ಮೊಮ್ಮಗ ಪ್ರಾಣ ಬಿಟ್ಟ. ಅಂತ್ಯಕ್ರಿಯೆ ಮುಗಿದು ಇಪ್ಪತ್ತು ದಿನ ಆಗಿರಲಿಲ್ಲ, ಮಗುವಿನ ಅಪ್ಪನಿಗೆ ಗಡೀಪಾರು ಆದ ಸುದ್ದಿ ಬಂತು. ಆ ಅಪ್ಪನೇ ಲೂಸಿಯಸ್ ಅನ್ನಿಯಸ್ ಸೆನೆಕಾ. ರಾಜಮನೆತನದ ಜೂಲಿಯಾ ಲಿವಿಲ್ಲಾ ಜೊತೆ ಸಂಬಂಧ ಇತ್ತು ಎಂಬ ಆರೋಪದ ಮೇಲೆ ಚಕ್ರವರ್ತಿ ಕ್ಲಾಡಿಯಸ್ ಅವನನ್ನು ಕಾರ್ಸಿಕಾ ದ್ವೀಪಕ್ಕೆ ಅಟ್ಟಿದ್ದ.

ಸೆನೆಕಾಗೆ ರೋಮ್ ಹುಟ್ಟೂರಲ್ಲ. ಹುಟ್ಟಿದ್ದು ಸ್ಪೇನಿನ ಕಾರ್ಡೋಬಾದಲ್ಲಿ. ಕೈಗೂಸಾಗಿದ್ದಾಗ ತಾಯಿಯ ಸಹೋದರಿ ಅವನನ್ನು ಎತ್ತಿಕೊಂಡು ರೋಮ್‌ಗೆ ತಂದಿದ್ದಳು. ಚಿಕ್ಕಂದಿನಿಂದ ಉಸಿರಾಟದ ಕಾಯಿಲೆ. ಒಮ್ಮೆ ಸಾಕಾಗಿ ಸಾಯಲು ಯೋಚಿಸಿದ್ದ, ಮುದಿ ಅಪ್ಪ ತಡೆದುಕೊಳ್ಳಲಾರನೆಂದು ಆ ಯೋಚನೆ ಬಿಟ್ಟ. ಆರೈಕೆ ಮಾಡಿದ್ದು ಅದೇ ತಾಯಿಯ ಸಹೋದರಿ. ಅವಳ ಗಂಡ ಹದಿನಾರು ವರ್ಷ ಈಜಿಪ್ಟಿನ ರಾಜ್ಯಪಾಲನಾಗಿದ್ದು, ಊರಿಗೆ ವಾಪಸು ಬರುವಾಗ ಹಡಗಿನಲ್ಲೇ ತೀರಿಕೊಂಡ. ಬಿರುಗಾಳಿಯ ನಡುವೆಯೂ ಆ ಹೆಂಗಸು ಗಂಡನ ಶವ ಬಿಡಲಿಲ್ಲ. ಸೆನೆಕಾ ಅದನ್ನು ಕಣ್ಣಾರೆ ಕಂಡ. (ಭಾರತದ ಬಗ್ಗೆಯೂ ಅವನು ಬರೆದಿದ್ದ. 60 ನದಿ, 118 ಜನಾಂಗಗಳನ್ನು ಹೆಸರಿಸಿದ್ದ ಆ ಬರಹ ಕಳೆದುಹೋಗಿದೆ.)

ಕಾರ್ಸಿಕಾದಲ್ಲಿ ಎಂಟು ವರ್ಷ. ಅಲ್ಲಿಂದ ತಾಯಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಸಮಾಧಾನ ಬೇಕಿದ್ದವನು ಅವನು, ಹೇಳಿದವನೂ ಅವನೇ. ರೋಮ್‌ನ ಜನಜಂಗುಳಿಯಲ್ಲಿ ಒಬ್ಬೊಬ್ಬರನ್ನೇ ಊರು ಯಾವುದೆಂದು ಕೇಳಿ ನೋಡು, ಅರ್ಧಕ್ಕಿಂತ ಹೆಚ್ಚು ಜನ ಬೇರೆ ಕಡೆಯಿಂದ ಬಂದವರೇ ಎಂದು ಅಮ್ಮನಿಗೆ ನೆನಪಿಸುತ್ತಾನೆ. ಎಲ್ಲಿ ಹೋದರೂ ಆಕಾಶ ಅದೇ, ಒಳ್ಳೆಯತನವೂ ಜೊತೆಗೇ ಬರುತ್ತದೆ. ಅದೃಷ್ಟ ಕೊಟ್ಟ ಹಣ, ಪದವಿಗಳನ್ನು ಎದೆಗೆ ಅಂಟಿಸಿಕೊಳ್ಳದೆ ಸ್ವಲ್ಪ ದೂರದಲ್ಲೇ ಇಟ್ಟಿದ್ದೆ, ಹಾಗಾಗಿ ಅದು ತನ್ನದನ್ನು ವಾಪಸು ತಗೊಂಡಾಗ ನನ್ನ ಚರ್ಮ ಕಿತ್ತು ಬರಲಿಲ್ಲ ಎಂಬುದು ಅವನ ಮಾತಿನ ಸಾರ. ಮನೆಯಿಂದ ದೂರ ಇರುವವರಿಗೆ ಈ ಪತ್ರಕ್ಕೆ ವಿವರಣೆ ಬೇಡ.

ಆದರೆ ಅದೇ ದ್ವೀಪದಿಂದ ಇನ್ನೊಂದು ಪತ್ರವೂ ಹೋಯಿತು. ಅದು ಕ್ಲಾಡಿಯಸ್‌ನ ಅಧಿಕಾರಿ ಪಾಲಿಬಿಯಸ್‌ಗೆ. ಸಹೋದರನನ್ನು ಕಳಕೊಂಡವನಿಗೆ ಸಾಂತ್ವನ ಎಂಬುದು ಹೆಸರಿಗೆ. ಒಳಗೆಲ್ಲಾ ಚಕ್ರವರ್ತಿಯ ಹೊಗಳಿಕೆ. ರೋಮ್‌ಗೆ ಮರಳುವ ಆಸೆ ಅಷ್ಟಿತ್ತು. ಎರಡೂ ಪತ್ರ ಒಬ್ಬನದೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಕ್ರಿ.ಶ. 49ರಲ್ಲಿ ರಾಣಿ ಅಗ್ರಿಪ್ಪಿನಾ ಅವನನ್ನು ವಾಪಸು ಕರೆಸಿ ತನ್ನ ಮಗನ ಗುರುವನ್ನಾಗಿ ಮಾಡಿದಳು. ಆ ಹುಡುಗನೇ ನೀರೋ. ಹದಿನಾರಕ್ಕೇ ಅವನು ಪಟ್ಟಕ್ಕೇರಿದಾಗ ಆಡಳಿತವನ್ನು ನಿಜವಾಗಿ ನೋಡಿಕೊಂಡವರು ಸೆನೆಕಾ ಮತ್ತು ಸೇನಾಧಿಕಾರಿ ಬುರ್ರಸ್. ಮೊದಲ ಕೆಲವು ವರ್ಷ ಚೆನ್ನಾಗಿಯೇ ನಡೆಯಿತು.

ಈಗ ಜಮಾ ಕಡೆ ನೋಡಿ. ನಾಲ್ಕು ವರ್ಷದ ರಾಜಸ್ನೇಹದಲ್ಲಿ 30 ಕೋಟಿ ಸೆಸ್ಟರ್ಸ್ ಹೇಗೆ ಬಂತು ಎಂದು ವೈರಿಯೊಬ್ಬ ಬಹಿರಂಗವಾಗಿಯೇ ಕೇಳಿದ. ಬಡತನವನ್ನು ಹೊಗಳಿದ ಲೇಖಕ ಬಡ್ಡಿ ವ್ಯವಹಾರವನ್ನೂ ನಡೆಸುತ್ತಿದ್ದ. ಬ್ರಿಟನ್ನಿನವರಿಗೆ ಕೊಟ್ಟಿದ್ದ 4 ಕೋಟಿಯ ಸಾಲವನ್ನು ಒಂದೇ ಸಲಕ್ಕೆ ವಸೂಲಿಗೆ ಹಾಕಿದ್ದೂ ಅಲ್ಲಿನ ರಾಣಿ ಬೌಡಿಕಾಳ ದಂಗೆಗೆ ಕಾರಣ ಎಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಆ ಯುದ್ಧದಲ್ಲಿ ಸತ್ತವರು ಸಾವಿರಾರು. ಒಬ್ಬನನ್ನು ಕೊಂದರೆ ಶಿಕ್ಷೆ, ಇಡೀ ಜನಾಂಗವನ್ನು ಕೊಂದರೆ ಮೆರವಣಿಗೆ, ಇದೆಂಥ ನ್ಯಾಯ ಎಂದು ಮುಂದೆ ಕೇಳಿದವನೂ ಇದೇ ಸೆನೆಕಾ.

ಸಿಟ್ಟಿನ ಬಗ್ಗೆ ಮೂರು ಭಾಗಗಳ ಪುಸ್ತಕ ಬರೆದಿದ್ದ. ದಿನಾ ರಾತ್ರಿ ದೀಪ ಆರಿದ ಮೇಲೆ, ಹೆಂಡತಿ ಸುಮ್ಮನಾದ ಮೇಲೆ, ಅಂದಿನ ಮಾತು-ಕೃತಿಗಳನ್ನೆಲ್ಲಾ ತಾಳೆ ನೋಡುತ್ತಿದ್ದನಂತೆ. ಕ್ರಿ.ಶ. 59ರಲ್ಲಿ ನೀರೋ ಹೆತ್ತ ತಾಯಿಯನ್ನೇ ಕೊಲ್ಲಿಸಿದ. ಅದನ್ನು ಸಮರ್ಥಿಸಿ ಸೆನೆಟ್ಟಿಗೆ ಹೋದ ಪತ್ರ ಸೆನೆಕಾನ ಕೈಯದು. ಆ ರಾತ್ರಿಯ ಲೆಕ್ಕ ಹೇಗೆ ಮುಗಿಸಿದನೋ!

ಕ್ರಿ.ಶ. 62ರಲ್ಲಿ ಬುರ್ರಸ್ ಸತ್ತ. ಇನ್ನು ಉಳಿಗಾಲವಿಲ್ಲ ಎಂದು ತಿಳಿದ ಸೆನೆಕಾ ನೀರೋ ಮುಂದೆ ಹೋಗಿ ತನ್ನ ಆಸ್ತಿಯನ್ನೆಲ್ಲಾ ವಾಪಸು ತಗೊಂಡು ಬಿಡುಗಡೆ ಮಾಡಬೇಕೆಂದು ಬೇಡಿಕೊಂಡ. ನೀರೋ ತಬ್ಬಿಕೊಂಡು, ಮುತ್ತಿಟ್ಟು, ಇಲ್ಲ ಎಂದ. ಶಿಷ್ಯ ಜಿಪುಣ, ಕ್ರೂರಿ ಎಂದು ಜನ ಆಡಿಕೊಳ್ಳಬಾರದಲ್ಲ! ಅದೃಷ್ಟ ಕೊಟ್ಟದ್ದು ಸಾಲ ಎಂದು ಬರೆದವನಿಗೆ ಆ ಸಾಲ ತೀರಿಸಲೂ ದಾರಿ ಇರಲಿಲ್ಲ.

ಕೊನೆಯ ಮೂರು ವರ್ಷ ಜನರಿಂದ ದೂರವಿದ್ದು, ಗೆಳೆಯ ಲುಸಿಲಿಯಸ್‌ಗೆ ಪತ್ರ ಬರೆಯುತ್ತಾ ಕೂತ. ಅವುಗಳಲ್ಲಿ 124 ಉಳಿದಿವೆ. ಗುಲಾಮರೂ ಮನುಷ್ಯರೇ, ಜೊತೆಯಲ್ಲಿ ಕೂತು ಉಣ್ಣು ಎನ್ನುವ ಪತ್ರ ಅದರಲ್ಲಿದೆ. ಆಗಾಗ ಕೆಲವು ದಿನ ಒರಟು ಬಟ್ಟೆ, ಒಣ ರೊಟ್ಟಿಯಲ್ಲಿ ಕಳೆದು ನೋಡು, ಬಡತನದ ಭಯ ಹೋಗುತ್ತದೆ ಎನ್ನುವುದೂ ಇದೆ. ವಿಷದ ಹೆದರಿಕೆಯಿಂದ ಅವನ ಊಟ ಹಣ್ಣು, ಹರಿಯುವ ನೀರಿಗೆ ಇಳಿದಿತ್ತು.

ಕ್ರಿ.ಶ. 65ರಲ್ಲಿ ಪಿಸೋ ಎಂಬವನ ಪಿತೂರಿ ಬಯಲಾಯಿತು. ಸೆನೆಕಾನ ಹೆಸರೂ ಬಂತು, ಸಾಯಬೇಕೆಂದು ಆಜ್ಞೆಯಾಯಿತು. ಉಯಿಲಿಗೆ ಏನೋ ಸೇರಿಸಬೇಕೆಂದು ಫಲಕ ಕೇಳಿದ, ಸೈನಿಕರು ಕೊಡಲಿಲ್ಲ. ಹೆಂಡತಿ ಪೌಲಿನಾ ತಾನೂ ಜೊತೆಗೆ ಬರುತ್ತೇನೆಂದು ಕೈ ಕೊಯ್ದುಕೊಂಡಳು. ನೀರೋ ಆಜ್ಞೆಯಂತೆ ಅವಳನ್ನು ಉಳಿಸಿದರು. ಮುದಿ ದೇಹದಿಂದ ರಕ್ತ ಸರಿಯಾಗಿ ಹರಿಯಲಿಲ್ಲ, ವಿಷವೂ ಹತ್ತಲಿಲ್ಲ, ಕೊನೆಗೆ ಬಿಸಿ ಸ್ನಾನದ ಹಬೆಯಲ್ಲಿ ಉಸಿರು ಕಟ್ಟಿತು. ಯಾವ ವಿಧಿಯೂ ಇಲ್ಲದೆ ದೇಹವನ್ನು ಸುಟ್ಟರು. ಹಾಗೇ ಆಗಬೇಕೆಂದು ಅವನು ಉಯಿಲಿನಲ್ಲಿ ಬರೆದಿಟ್ಟಿದ್ದ, ಅದೂ ಸಿರಿತನ, ಅಧಿಕಾರ ಎರಡೂ ಕೈಯಲ್ಲಿದ್ದ ಕಾಲದಲ್ಲೇ.