ಇಂಗ್ಲಿಷ್ ಮೇಷ್ಟರ ಕನ್ನಡ ಋಣ

ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗದ ವಾರ್ಷಿಕ ವರದಿಯನ್ನು ಸಿದ್ಧಪಡಿಸುವ ಹೊಣೆ ಹಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಅಧ್ಯಾಪಕರ ಸಾಧನೆ, ವಿದ್ಯಾರ್ಥಿಗಳ ಸಾಧನೆ ಎಂದು ಅದರಲ್ಲಿ ಎರಡು ಭಾಗ. ಮಂಡಿಸಿದ ಪ್ರಬಂಧಗಳೆಷ್ಟು, ಭಾಗವಹಿಸಿದ ವಿಚಾರ ಸಂಕಿರಣಗಳೆಷ್ಟು, ಬಂದ ರ‍್ಯಾಂಕುಗಳೆಷ್ಟು ಎಂದು ಅಂಕಣಗಳನ್ನು ತುಂಬಿ ಕಳಿಸುತ್ತಿದ್ದೆ. ಒಂದು ವರ್ಷ ಕಿರಿಯ ಸಹೋದ್ಯೋಗಿಯೊಬ್ಬರು ತಾವು ಕನ್ನಡಕ್ಕೆ ತಂದಿದ್ದ ಇಂಗ್ಲಿಷ್ ಕವಿತೆಗಳ ಹಸ್ತಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, ಇದು ಯಾವ ಅಂಕಣಕ್ಕೆ ಸೇರುತ್ತದೆ ಎಂದು ಕೇಳಿದರು. ಅದು ಕನ್ನಡ ವಿಭಾಗದ ಕೆಲಸ, ನಮ್ಮ ವರದಿಗೆ ಬರುವುದಿಲ್ಲ ಎಂದು ನಾನು ಹೇಳಿದೆ. ಅವರು ಮರುಮಾತಾಡದೆ ಹಸ್ತಪ್ರತಿಯನ್ನು ಎತ್ತಿಕೊಂಡು ಹೋದರು. ಬಿ.ಎಂ. ಶ್ರೀಕಂಠಯ್ಯನವರ ಬದುಕನ್ನು ನೆನೆದಾಗಲೆಲ್ಲ ನನ್ನ ಆ ಉತ್ತರ ನನ್ನನ್ನೇ ಚುಚ್ಚುತ್ತದೆ.

ಕನ್ನಡಿಗರು ಬಿಎಂಶ್ರೀ ಎಂದೂ ‘ಕನ್ನಡದ ಕಣ್ವ’ ಎಂದೂ ಗೌರವಿಸುವ ಈ ಹಿರಿಯರು ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರು. 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದರು. ಪೂರ್ವಿಕರ ಊರು ನಾಗಮಂಗಲ ಸೀಮೆಯ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದದ್ದು 1916ರಲ್ಲಿ. ಅದಕ್ಕೂ ಮೊದಲು ಉನ್ನತ ಪದವಿ ಬೇಕಾದವರಿಗೆ ಮದರಾಸೇ ಗತಿ. ಶ್ರೀಕಂಠಯ್ಯನವರು ಅಲ್ಲಿ ಕಾನೂನನ್ನೂ ಓದಿದರು, ಇಂಗ್ಲಿಷಿನಲ್ಲಿ ಎಂ.ಎ. ಪದವಿಯನ್ನೂ ಪಡೆದರು. ವಕೀಲಿಯ ದಾರಿ ತೆರೆದೇ ಇದ್ದರೂ ಅವರು ಆರಿಸಿಕೊಂಡದ್ದು ಮೈಸೂರಿನ ಮಹಾರಾಜ ಕಾಲೇಜಿನ ಇಂಗ್ಲಿಷ್ ತರಗತಿಯನ್ನು.

ಇಂಗ್ಲಿಷ್ ಕಲಿತವರಿಗೆ ಕನ್ನಡದ ಗೊಡವೆ ಬೇಡವಾಗಿದ್ದ, ಕನ್ನಡ ಬಲ್ಲ ಪಂಡಿತರಿಗೆ ಹೊಸ ಜಗತ್ತಿನ ಪರಿಚಯ ಸಾಲದಿದ್ದ ಕಾಲವದು. 1911ರಲ್ಲಿ, ಇನ್ನೂ 27ರ ಹರೆಯದ ಈ ಅಧ್ಯಾಪಕರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಹಳಗನ್ನಡವನ್ನು ಪೂಜಿಸುತ್ತ ಕುಳಿತರೂ ಇಂಗ್ಲಿಷಿಗೆ ಶರಣಾದರೂ ನುಡಿ ಬೆಳೆಯದು, ಜನ ಆಡುವ ತಿಳಿಗನ್ನಡಕ್ಕೆ ಹೊಸ ಕಾಲದ ಸತ್ವವನ್ನು ತುಂಬಬೇಕು ಎಂಬುದು ಅವರ ನಿಲುವಿನ ತಿರುಳು. ಮುಂದಿನ 35 ವರ್ಷಗಳ ಅವರ ದುಡಿಮೆಯೆಲ್ಲ ಈ ಮಾತನ್ನು ಕೃತಿಗಿಳಿಸುವ ಪ್ರಯತ್ನವೇ ಆಗಿತ್ತು.

ಅದರ ಮೊದಲ ಫಲ ‘ಇಂಗ್ಲಿಷ್ ಗೀತಗಳು’. 1920ರ ದಶಕದಲ್ಲಿ ಪುಸ್ತಕವಾಗಿ ರೂಪು ತಳೆದ ಈ ಸಂಕಲನದಲ್ಲಿ ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್ ಮೊದಲಾದವರ ಕವಿತೆಗಳು ಕನ್ನಡದ ಉಡುಗೆ ತೊಟ್ಟವು. ತರಗತಿಯಲ್ಲಿ ವಿವರಿಸುತ್ತಿದ್ದ ಕಾವ್ಯವನ್ನೇ ಅವರು ಮನೆಗೆ ಕೊಂಡೊಯ್ದು ತಾಯ್ನುಡಿಯಲ್ಲಿ ಹಾಡಲು ತೊಡಗಿದ್ದರು. ಪಂಜೆ ಮಂಗೇಶರಾಯರು ಅವರಿಗಿಂತ ಮೊದಲೇ ಇಂಥ ಗೀತೆಗಳನ್ನು ಕನ್ನಡಿಸಿದ್ದರು. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಹೊಂದಿಸಲೇಬೇಕೆಂಬ ಕಟ್ಟನ್ನು ಮಂಜೇಶ್ವರದ ಗೋವಿಂದ ಪೈಗಳು ಮುರಿದಿದ್ದರು. ಆದರೆ ಚದುರಿದ್ದ ಈ ಪ್ರಯತ್ನಗಳನ್ನು ಒಂದು ಮಾರ್ಗವಾಗಿಸಿದ್ದು ಶ್ರೀಯವರ ಸಂಕಲನ. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಬಗೆಬಗೆಯಾಗಿ ಜೋಡಿಸಿ, ಭಾವಕ್ಕೆ ತಕ್ಕಂತೆ ಸಾಲನ್ನು ಹಿಗ್ಗಿಸಿ ಕುಗ್ಗಿಸಿ, ಭಾವಗೀತೆಗೆ ಬೇಕಾದ ಛಂದಸ್ಸನ್ನು ಅವರು ಕನ್ನಡದ ಕೈಗಿತ್ತರು. ಹೊಸ ಕವಿಗಳಿಗೆ ಅದು ಕಾವ್ಯವೂ ಆಯಿತು, ಕೈಪಿಡಿಯೂ ಆಯಿತು.

ಒಂದು ಉದಾಹರಣೆ ಸಾಕು. 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲೆಂಡಿನ ಪಾದ್ರಿ ಸಮುದ್ರಯಾನದಲ್ಲಿ, ಮನಸ್ಸು ಕತ್ತಲುಗಟ್ಟಿದ್ದಾಗ, ಬೆಳಕನ್ನು ಬೇಡಿ ಒಂದು ಪ್ರಾರ್ಥನೆ ಬರೆದ. ಶ್ರೀಯವರ ಕನ್ನಡದಲ್ಲಿ ಅದು ನಮ್ಮ ಶಾಲೆಗಳ ಅಂಗಳಕ್ಕೆ, ಸಭೆಗಳ ವೇದಿಕೆಗೆ, ಸಂಜೆಯ ದೀಪದ ಮುಂದಕ್ಕೆ ಬಂದಿತು. ನನ್ನ ತಾಯಿ ಇಂಗ್ಲಿಷ್ ಅರಿಯದವರು. ಅವರು ಆ ಹಾಡನ್ನು ದಾಸರ ಪದಗಳ ಜೊತೆಗೇ ಹಾಡಿಕೊಳ್ಳುತ್ತಿದ್ದರು. ಅದರ ಮೂಲ ಇಂಗ್ಲಿಷೆಂದು ನಾನು ಹೇಳಿದಾಗ ಅವರು ನಂಬಲಿಲ್ಲ. ಅನುವಾದಕನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಉಂಟೆಂದು ನನಗೆ ತೋರುವುದಿಲ್ಲ.

ಇಂಗ್ಲಿಷ್ ತರಗತಿಯ ಓದು ಹಳಗನ್ನಡದ ಮೇಲೂ ಹೊಸ ಬೆಳಕು ಚೆಲ್ಲಿತು. ಗ್ರೀಕ್ ರುದ್ರನಾಟಕಗಳನ್ನು ಆಳವಾಗಿ ಓದಿದ್ದ ಅವರಿಗೆ ಹತ್ತನೆಯ ಶತಮಾನದ ರನ್ನನ ದುರ್ಯೋಧನನಲ್ಲಿ ದುರಂತ ನಾಯಕನೊಬ್ಬ ಕಂಡ. ರನ್ನನ ಪದ್ಯಗಳನ್ನೇ ಆಧರಿಸಿ, ಗ್ರೀಕ್ ಮಾದರಿಯ ಮೇಳವನ್ನು ಸೇರಿಸಿ ‘ಗದಾಯುದ್ಧ ನಾಟಕಂ’ ರಚಿಸಿದರು. ಸೋಫೋಕ್ಲಿಸನ ‘ಅಯಾಸ್’ ನಾಟಕವನ್ನು ಮಹಾಭಾರತಕ್ಕೆ ಹೊಂದಿಸಿ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂಬ ಹೆಸರಿನಲ್ಲಿ 1935ರಲ್ಲಿ ಕನ್ನಡಿಸಿದರು. ಚಿರಂಜೀವಿಯಾದ ಅಶ್ವತ್ಥಾಮ ರಂಗದ ಮೇಲೆ ಸಾಯುವುದುಂಟೇ ಎಂಬ ಆಕ್ಷೇಪವೂ ಬಂದಿತು. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಗ್ರೀಕರ ಅಚ್ಚಿಗೆ ನಮ್ಮ ಪುರಾಣವನ್ನು ಎರಕ ಹೊಯ್ದಾಗ ಎಲ್ಲೋ ಬಿರುಕು ಬಿಡುವುದು ಸಹಜ. ಆದರೆ ನಮ್ಮ ಕಾವ್ಯವನ್ನು ಜಗತ್ತಿನ ಮಹಾಕೃತಿಗಳ ಸಮಕ್ಕೆ ನಿಲ್ಲಿಸಿ ನೋಡುವ ಎದೆಗಾರಿಕೆ ಕನ್ನಡಕ್ಕೆ ಬಂದದ್ದು ಇಂಥ ಪ್ರಯೋಗಗಳಿಂದಲೇ.

1926ರಿಂದ 1930ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ಕಡತಗಳ ನಡುವೆ ಕಳೆದ ಈ ವರ್ಷಗಳೇ ಕನ್ನಡಕ್ಕೆ ಅತ್ಯಂತ ಫಲವತ್ತಾದವು ಎನ್ನಬಹುದು. 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗುವಲ್ಲಿ ಅವರ ಪಾತ್ರ ದೊಡ್ಡದು. ಗೌರವ ಪ್ರಾಧ್ಯಾಪಕರಾಗಿ ಕನ್ನಡ ಪಾಠವನ್ನೂ ಅವರು ಹೇಳಿದರು. ಆ ಮೊದಲ ತಂಡದಲ್ಲಿ ಓದಿದವರು ಕುವೆಂಪು ಮತ್ತು ಡಿ.ಎಲ್. ನರಸಿಂಹಾಚಾರ್. ಒಬ್ಬರು ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದರು. ಇನ್ನೊಬ್ಬರು ಗ್ರಂಥಸಂಪಾದನೆಯನ್ನು ಶಾಸ್ತ್ರವಾಗಿ ನೆಲೆಗೊಳಿಸಿದರು. ಕುವೆಂಪು ಅವರ ಮೊದಲ ಕವಿತೆಗಳು ಇಂಗ್ಲಿಷಿನಲ್ಲಿದ್ದವು ಎಂಬುದನ್ನು ನೆನೆದರೆ, ಆ ಕಾಲದ ಮೈಸೂರಿನಲ್ಲಿ ಬೀಸಿದ ಗಾಳಿಯ ದಿಕ್ಕು ತಿಳಿಯುತ್ತದೆ.

ಇಂಗ್ಲಿಷ್ ಕಲಿತ ಶಿಷ್ಯರೂ ಅದೇ ದಾರಿ ಹಿಡಿದರು. ಎಸ್.ವಿ. ರಂಗಣ್ಣನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಪಾಶ್ಚಾತ್ಯ ಗಂಭೀರ ನಾಟಕಗಳನ್ನು ಕನ್ನಡಿಗರಿಗೆ ಪರಿಚಯಿಸಿದರು. ಇಂಗ್ಲಿಷ್, ಕನ್ನಡ ಎರಡರಲ್ಲೂ ಎಂ.ಎ. ಮಾಡಿದ ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ ಕೊಟ್ಟರು. ಮಹಾರಾಜ ಕಾಲೇಜಿನಲ್ಲೇ ಓದಿ ಇಂಗ್ಲಿಷ್ ಅಧ್ಯಾಪಕರಾದ ಎ.ಎನ್. ಮೂರ್ತಿರಾಯರು ಲಲಿತ ಪ್ರಬಂಧಕ್ಕೆ ಹದವಾದ ಗದ್ಯವನ್ನು ಕಟ್ಟಿಕೊಟ್ಟರು. ನವೋದಯದ ಮಾರ್ಗದ ವಿರುದ್ಧವೇ ಬಂಡೆದ್ದ ಗೋಪಾಲಕೃಷ್ಣ ಅಡಿಗರು, ಅವರ ಬಳಿಕದ ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್ ಎಲ್ಲರೂ ಇಂಗ್ಲಿಷ್ ಅಧ್ಯಾಪಕರಾಗಿದ್ದವರೇ. ಜ್ಞಾನಪೀಠ ಪಡೆದ ಎಂಟು ಕನ್ನಡಿಗರಲ್ಲಿ ವಿ.ಕೃ. ಗೋಕಾಕ್ ಮತ್ತು ಅನಂತಮೂರ್ತಿ, ಇಬ್ಬರು ಇಂಗ್ಲಿಷ್ ಪ್ರಾಧ್ಯಾಪಕರು. ಇವರೆಲ್ಲ ಶ್ರೀಯವರ ಶಿಷ್ಯರಲ್ಲ. ಆದರೆ ಅವರು ತುಳಿದು ಹಸನಾಗಿಸಿದ ಹಾದಿಯಲ್ಲಿ ನಡೆದವರು.

1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ಅದು ನಿಜಾಮರ ಸೀಮೆ. ಮೈಸೂರಿನ ಅಧ್ಯಾಪಕರೊಬ್ಬರು ಅಲ್ಲಿ ಕನ್ನಡದ ಪೀಠವೇರಿದ್ದು ಹರಿದು ಹಂಚಿಹೋಗಿದ್ದ ನಾಡಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಲೇ, 1938ರಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅದಕ್ಕೊಂದು ಅಚ್ಚುಕೂಟವನ್ನೂ ಸಾಮಾನ್ಯರಿಗಾಗಿ ಕನ್ನಡ ಪರೀಕ್ಷೆಗಳನ್ನೂ ಒದಗಿಸಲು ದುಡಿದರು. 1941ರಲ್ಲಿ ಶಿಷ್ಯರೂ ಅಭಿಮಾನಿಗಳೂ ಸೇರಿ ‘ಸಂಭಾವನೆ’ ಗ್ರಂಥವನ್ನು ಅರ್ಪಿಸಿದರು. ನಿವೃತ್ತಿಯ ನಂತರ ವಿಶ್ರಾಂತಿ ಬಯಸದೆ ಧಾರವಾಡದಲ್ಲಿ ಹೊಸದಾಗಿ ಆರಂಭವಾದ ಕಾಲೇಜಿನ ಪ್ರಿನ್ಸಿಪಾಲರಾಗಿ ಹೋದರು. ಆ ಹೊಣೆ ಹೊತ್ತಿದ್ದಾಗಲೇ, 1946ರ ಜನವರಿ 5ರಂದು, 62 ತುಂಬಿದ ಎರಡೇ ದಿನಕ್ಕೆ ತೀರಿಕೊಂಡರು.

ಅವರ ಸ್ವಂತ ಕೃತಿಗಳನ್ನು ಜೋಡಿಸಿದರೆ ಕಪಾಟಿನ ಒಂದು ಸಾಲೂ ತುಂಬದು. ಕಡಿಮೆ ಬರೆದರು ಎಂಬ ಕೊರಗು ಅವರ ಕಾಲದಿಂದಲೂ ಇದೆ. ಶಿಷ್ಯರ ಬರಹ, ಶುರುವಾದ ತರಗತಿ, ನಿಂತ ಸಂಸ್ಥೆ ಇವುಗಳಿಗೆ ಅವರು ತಮ್ಮ ಸಮಯವನ್ನು ತೆತ್ತರು. ಇಂದಿನ ನಮ್ಮ ನಮೂನೆಯಲ್ಲಿ ಅವರ ಸಾಧನೆಯನ್ನು ಭರ್ತಿ ಮಾಡಲು ಹೊರಟರೆ ಬಹುತೇಕ ಅಂಕಣಗಳು ಖಾಲಿ ಉಳಿಯುತ್ತವೆ.

ಇಂಗ್ಲಿಷ್ ಇಂದು ಉದ್ಯೋಗದ ಭಾಷೆ. ಅದನ್ನು ಕಲಿಸುವುದು ನಮ್ಮ ಕರ್ತವ್ಯ, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಹಳ್ಳಿಯಿಂದ ಬಂದ ಹುಡುಗಿ ಅಳುಕಿಲ್ಲದೆ ಇಂಗ್ಲಿಷ್ ಮಾತಾಡಿದರೆ ಅದೂ ಸಾಧನೆಯೇ. ಆದರೆ ಕಲಿತದ್ದನ್ನು ಮನೆಯ ಮಾತಿಗೆ ಮರಳಿಸುವವರು ವಿಭಾಗದಲ್ಲಿ ಒಬ್ಬರಾದರೂ ಇರಬೇಕು, ಇದ್ದರೆ ಅವರನ್ನು ಗುರುತಿಸಬೇಕು. ಕನ್ನಡ ವಿಭಾಗಕ್ಕೂ ಇಂಗ್ಲಿಷ್ ವಿಭಾಗಕ್ಕೂ ನಡುವೆ ನಾವು ಎಬ್ಬಿಸಿಕೊಂಡ ಗೋಡೆ ಶ್ರೀಯವರ ಕಾಲದಲ್ಲಿ ಇರಲಿಲ್ಲವೆಂದಲ್ಲ. ಅವರು ಅದರಲ್ಲಿ ಬಾಗಿಲು ತೆರೆದರು. ನಾನು ಒಂದು ಮಧ್ಯಾಹ್ನ ಆ ಬಾಗಿಲನ್ನು ಮುಚ್ಚಿದೆ. ನನ್ನ ಸಹೋದ್ಯೋಗಿಯ ಹಸ್ತಪ್ರತಿ ಇದುವರೆಗೂ ಅಚ್ಚಾಗಿಲ್ಲ. ಅಧ್ಯಾಪಕರ ಸಾಧನೆಗಳ ಪಟ್ಟಿಯಲ್ಲಿ ಅದು ಮೊದಲನೆಯದಾಗಿ ಬರಬೇಕಿತ್ತು ಎಂದು ಈಗಲಾದರೂ ಅವರಿಗೆ ಹೇಳಬೇಕು ಎಂದುಕೊಂಡಿದ್ದೇನೆ.