ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳಿದ ರಾಜಾಜಿ

ಹೋದ ಸೆಮಿಸ್ಟರ್ ಎಕ್ಸಾಮ್ ಮುಗಿದ ಮೇಲೆ ನಾವು ಏಳು ಜನ ಕಳವಾರದ ಬೆಟ್ಟ ಹತ್ತಿದ್ವಿ. ಬೆಂಗಳೂರಿಂದ ಬರೋ ಟ್ರೆಕ್ಕಿಂಗ್ ಗ್ರೂಪ್‌ನೋರಿಗೆ ಅದು ಸ್ಕಂದಗಿರಿ, ಇಲ್ಲಿಯವರಿಗೆ ಕಳವಾರ ದುರ್ಗ. ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚೋ ಹೊತ್ತಿಗೆ ಜಗಳ ಶುರುವಾಯ್ತು. ಸರ್ಕಾರ ಹೀಗೆ ಎಲ್ಲಾ ಫ್ರೀ ಕೊಡ್ತಾ ಹೋದ್ರೆ ದೇಶ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಒಬ್ಬ. ಬಸ್ ಫ್ರೀ ಆದಮೇಲೆ ನಮ್ಮಮ್ಮ ತಿಂಗಳಿಗೆ ಎರಡು ಸಲ ಹಾಸ್ಟೆಲ್‌ಗೆ ಬಂದು ನೋಡ್ಕೊಂಡು ಹೋಗ್ತಾರೆ, ಅದು ನಿನಗೆ ವೇಸ್ಟಾ ಅಂತ ಇನ್ನೊಬ್ಬಳು. ಇಬ್ಬರೂ ಸೋಲಲಿಲ್ಲ. ಕೆಳಗೆ ಇಳಿಯೋವರೆಗೂ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಲೈಬ್ರರಿಯಲ್ಲಿ ಹುಡುಕಿದಾಗ ಗೊತ್ತಾಯ್ತು, ಈ ಜಗಳ ಹಳೇದು. ಇದೇ ಪ್ರಶ್ನೆ ಹಿಡ್ಕೊಂಡು, ಎಂಬತ್ತನೇ ವಯಸ್ಸಲ್ಲಿ, ತಮ್ಮ ಜೊತೆ ಜೈಲಿಗೆ ಹೋಗಿದ್ದ ಗೆಳೆಯರ ವಿರುದ್ಧವೇ ಪಕ್ಷ ಕಟ್ಟಿದ ಒಬ್ಬರಿದ್ದರು. ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ.

ನಮಗೆ ಅವರು ದೂರದವರೇನಲ್ಲ. 1878ರ ಡಿಸೆಂಬರ್ 10ರಂದು ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಮನೆ ಮಾತು ತಮಿಳು. ಆದರೆ ಆ ಕಡೆ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಸಂತೆಯಲ್ಲಿ ಕೇಳಿಸುತ್ತೆ, ನಮ್ಮ ಚಿಕ್ಕಬಳ್ಳಾಪುರದಲ್ಲಿ ಎರಡು ಕೇಳಿಸೋ ಹಾಗೆ. ತಂದೆ ಆ ಹಳ್ಳಿಯ ಮುನ್ಸೀಫರು. ಹುಡುಗ ಹೊಸೂರಿನಲ್ಲಿ ಓದಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದ. ಅದಕ್ಕೆ ಸುಮಾರು ಹತ್ತು ಹದಿನೈದು ವರ್ಷ ಮೊದಲು ಅದೇ ಕಾಲೇಜಿನಲ್ಲಿ ಓದಿ ಹೋಗಿದ್ದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮದ್ರಾಸಿನಲ್ಲಿ ಲಾ ಓದಿದ ರಾಜಾಜಿ 1900ರಲ್ಲಿ ಸೇಲಂನಲ್ಲಿ ವಕೀಲಿಕೆ ಶುರು ಮಾಡಿದರು. 1917ರಲ್ಲಿ ಅಲ್ಲಿನ ಪುರಸಭೆಯ ಅಧ್ಯಕ್ಷರಾದರು. ಗಾಂಧೀಜಿ ಕರೆದಾಗ ವಕೀಲಿಕೆ ಬಿಟ್ಟು ಚಳವಳಿಗೆ ಇಳಿದರು, ಜೈಲು ಕಂಡರು. ಮಗಳು ಲಕ್ಷ್ಮಿಯನ್ನು ಗಾಂಧೀಜಿಯ ಮಗ ದೇವದಾಸ್ ಮದುವೆಯಾದಾಗ ಇಬ್ಬರೂ ಬೀಗರಾದರು.

1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು. ಆಗ ಮುಖ್ಯಮಂತ್ರಿಗೆ ಹಾಗೆ ಹೇಳ್ತಿದ್ರು. ಅದೇ ವರ್ಷ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಹೆಂಡದ ಅಂಗಡಿ ಮುಚ್ಚಿದರೆ ಅಬಕಾರಿ ಆದಾಯ ಹೋಗುತ್ತೆ. ಆ ಗುಂಡಿಯನ್ನು ಸಾಲದಲ್ಲಿ ಮುಚ್ಚದೆ, 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದರು. ದೇಶದಲ್ಲಿ ಅಂಥದ್ದು ಮೊದಲು. ವ್ಯಾಪಾರಿಗಳಿಗೆ ಕೋಪ ಬಂತು. ಆದರೆ ಲೆಕ್ಕ ಎಲ್ಲರ ಕಣ್ಣೆದುರಿಗಿತ್ತು: ಇದು ನಮ್ಮ ಆಸೆ, ಇದು ಅದರ ಬೆಲೆ, ಕೊಡೋರು ನೀವು. ನಮ್ಮ ಪ್ರಕಾರ ಅವರ ಇಡೀ ಜೀವನದ ಕೀಲಿಕೈ ಇದೇ.

1942ರಲ್ಲಿ ಕ್ವಿಟ್ ಇಂಡಿಯಾ ಬೇಡ ಅಂದು ಕಾಂಗ್ರೆಸ್‌ನಲ್ಲಿ ಒಂಟಿಯಾದರು. ಆದರೂ 1948ರಲ್ಲಿ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ, ಕೊನೆಯವರೂ ಅವರೇ. 1952ರಲ್ಲಿ ಮತ್ತೆ ಮದ್ರಾಸಿಗೆ, ಈ ಸಲ ಮುಖ್ಯಮಂತ್ರಿ. ಬಂದವರೇ ಆಹಾರ ಧಾನ್ಯದ ಮೇಲಿದ್ದ ರೇಷನ್ ನಿಯಂತ್ರಣ ತೆಗೆದರು. ಅಕ್ಕಿ ಸಿಗಲ್ಲ ಅಂತ ಹಲವರು ಹೆದರಿದ್ದರು, ಮಾರುಕಟ್ಟೆಗೆ ಅಕ್ಕಿ ಬಂತು.

ಇಲ್ಲಿವರೆಗೆ ಓದಿ ಬರೀ ಹೊಗಳ್ತಿದ್ದೀವಿ ಅಂದುಕೋಬೇಡಿ. 1953ರಲ್ಲಿ ಅದೇ ಲೆಕ್ಕದ ಬುದ್ಧಿ ಅವರನ್ನು ಬೀಳಿಸಿತು. ಶಾಲೆ ಕಮ್ಮಿ, ಮಕ್ಕಳು ಜಾಸ್ತಿ, ಖಜಾನೆಯಲ್ಲಿ ಹಣ ಇಲ್ಲ. ಅದಕ್ಕೆ ಹಳ್ಳಿ ಮಕ್ಕಳಿಗೆ ದಿನಕ್ಕೆ ಮೂರೇ ಗಂಟೆ ಪಾಠ, ಎರಡು ಶಿಫ್ಟ್, ಉಳಿದ ಹೊತ್ತು ಅಪ್ಪನ ಕಸುಬು ಕಲೀಲಿ ಅಂದರು. ಕಾಗದದ ಮೇಲೆ ಎಸ್ಟಿಮೇಟ್ ಸರಿಯಾಗೇ ಇತ್ತು. ಆದರೆ ಜಾಡಮಾಲಿಯ ಮಗ ಯಾವ ಕಸುಬು ಕಲೀಬೇಕು? ಇದು ಜಾತಿಯನ್ನೇ ಮತ್ತೆ ಗಟ್ಟಿ ಮಾಡುತ್ತೆ ಅಂತ ರಾಜ್ಯವೇ ಎದ್ದು ನಿಂತಿತು. 1954ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಕಾಮರಾಜ್ ಆ ಯೋಜನೆ ಕೈಬಿಟ್ಟು, ಶಾಲೆ ತೆರೆದು, ಮಧ್ಯಾಹ್ನದ ಊಟ ಕೊಟ್ಟರು. ಖರ್ಚಾಯ್ತು. ಆದರೆ ಆ ಖರ್ಚು ದಂಡ ಅಂತ ಇವತ್ತು ಯಾರೂ ಹೇಳಲ್ಲ.

ಅದೇ 1954ರಲ್ಲಿ ಅವರಿಗೆ ಭಾರತ ರತ್ನ ಬಂತು, ಮೊದಲ ವರ್ಷದ ಮೂವರಲ್ಲಿ ಒಬ್ಬರು. ಮರುವರ್ಷ ವಿಶ್ವೇಶ್ವರಯ್ಯನವರಿಗೆ. ಮುದ್ದೇನಹಳ್ಳಿಯವರು 1934ರಲ್ಲೇ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದಿದ್ದರು. ತೊರಪಳ್ಳಿಯವರು ಬದುಕಿನ ಕೊನೆಯ ಭಾಗವನ್ನು ಆ ಯೋಜನೆಗಳು ಹಿಡಿದ ದಾರಿಯ ವಿರುದ್ಧ ಕಳೆದರು. ಒಂದೇ ಕಾಲೇಜು, ಒಂದೇ ಪದಕ, ದಾರಿ ಮಾತ್ರ ಬೇರೆ.

ರಾಜಾಜಿಗೆ ಸಿಟ್ಟು ಬಂದಿದ್ದು ಯಾಕೆ? 1956ರಲ್ಲಿ ಶುರುವಾದ ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ಸರ್ಕಾರಿ ವಲಯಕ್ಕೆ 4,800 ಕೋಟಿ ರೂಪಾಯಿ ಖರ್ಚು ಹಾಕಿದ್ದರು. ಅದರಲ್ಲಿ 1,200 ಕೋಟಿಯನ್ನು ಕೊರತೆ ಹಣಕಾಸಿನಿಂದ, ಅಂದರೆ ಹೆಚ್ಚುಕಮ್ಮಿ ನೋಟು ಮುದ್ರಿಸಿ, ತುಂಬಿಸೋ ಪ್ಲಾನ್. ನೋಟು ಹೆಚ್ಚಿ ಸಾಮಾನು ಅಷ್ಟೇ ಇದ್ದರೆ ಬೆಲೆ ಏರುತ್ತೆ. ಆಸ್ತಿ ಇರೋನು ತಡ್ಕೋತಾನೆ, ದಿನಗೂಲಿಯವನು ಸಿಕ್ಕಿಹಾಕಿಕೊಳ್ತಾನೆ. ಹೆಸರು ಹೇಳದೆ ಹಾಕೋ ತೆರಿಗೆ ಇದು. ಮಾರಾಟ ತೆರಿಗೆಯನ್ನು ಮುಖಕ್ಕೇ ಹೇಳಿ ಹಾಕಿದ ಮನುಷ್ಯನಿಗೆ ಇದು ಸಹಿಸಲಿಲ್ಲ. ಇದರ ಮೇಲೆ ಲೈಸೆನ್ಸ್ ಕಾಟ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ದೊಡ್ಡ ಫ್ಯಾಕ್ಟರಿ ಹಾಕೋಕೂ, ಹಿಗ್ಗಿಸೋಕೂ, ಹೊಸ ವಸ್ತು ತಯಾರಿಸೋಕೂ ದೆಹಲಿಯ ಅನುಮತಿ ಬೇಕು. ಇದಕ್ಕೆ ಪರ್ಮಿಟ್ ಲೈಸೆನ್ಸ್ ರಾಜ್ ಅಂತ ಹೆಸರಿಟ್ಟವರೇ ರಾಜಾಜಿ.

1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಸಹಕಾರಿ ಜಂಟಿ ಬೇಸಾಯಕ್ಕೆ ನಿರ್ಣಯ ಮಾಡಿತು. ರೈತನ ಹೊಲಕ್ಕೂ ಕೈ ಹಾಕ್ತಾರೆ ಅನ್ನೋ ಭಯ ಹುಟ್ಟಿತು. ಜೂನ್‌ನಲ್ಲಿ ಮದ್ರಾಸಿನಲ್ಲಿ ಸ್ವತಂತ್ರ ಪಕ್ಷದ ಘೋಷಣೆ ಆಯ್ತು. ರೈತ ನಾಯಕ ಎನ್.ಜಿ. ರಂಗಾ ಅಧ್ಯಕ್ಷರು, ಮೀನೂ ಮಸಾನಿ ಕಾರ್ಯದರ್ಶಿ. ಇದು ರಾಜರು, ಜಮೀನ್ದಾರರ ಪಕ್ಷ ಅಂತ ನೆಹರೂ ಗೇಲಿ ಮಾಡಿದರು. ಹಳೇ ರಾಜಮನೆತನದವರು ಬಹಳ ಜನ ಸೇರಿದ್ದು ನಿಜವೇ. 1962ರಲ್ಲಿ ಲೋಕಸಭೆಯಲ್ಲಿ 18 ಸೀಟು, 1967ರಲ್ಲಿ 44. ವಿರೋಧ ಪಕ್ಷಗಳಲ್ಲಿ ಅದೇ ದೊಡ್ಡದು. 1971ರಲ್ಲಿ ಬಡತನ ಓಡಿಸಿ ಅನ್ನೋ ಇಂದಿರಾ ಗಾಂಧಿಯವರ ಅಲೆಗೆ 8ಕ್ಕೆ ಇಳಿಯಿತು. ಮರುವರ್ಷ, 1972ರ ಡಿಸೆಂಬರ್ 25ರಂದು, 94 ತುಂಬಿದ್ದ ರಾಜಾಜಿ ತೀರಿಕೊಂಡರು. ಪಕ್ಷವೂ ಎರಡೇ ವರ್ಷದಲ್ಲಿ ಬೇರೆ ಪಕ್ಷದೊಳಗೆ ಕರಗಿಹೋಯಿತು.

ಸೋತವರ ಕಥೆ ಅನಿಸಬಹುದು. ಆದರೆ 1991ರ ಜುಲೈನಲ್ಲಿ ಬಹುತೇಕ ಉದ್ದಿಮೆಗಳಿಗೆ ಲೈಸೆನ್ಸ್ ತೆಗೆದು ಹಾಕಿದ್ದು ಕಾಂಗ್ರೆಸ್ ಸರ್ಕಾರವೇ. ನಮ್ಮ ಸೀನಿಯರ್ಸ್ ರೂಮಲ್ಲಿ ಕೂತು ಸ್ಟಾರ್ಟಪ್ ಮಾತಾಡ್ತಾರಲ್ಲ, ಆ ಧೈರ್ಯದ ಹಿಂದೆ ಈ ಮುದುಕರ ಹಟವೂ ಸ್ವಲ್ಪ ಇದೆ.

ಹಾಗಾದ್ರೆ ಬೆಟ್ಟದ ಮೇಲಿನ ಜಗಳದಲ್ಲಿ ಯಾರು ಸರಿ? ರಾಜಾಜಿ ಇದ್ದಿದ್ದರೆ ದುಡ್ಡು ಯಾರದ್ದು ಅಂತ ಅವಳನ್ನು ಕೇಳ್ತಿದ್ರು. ಆದರೆ ಅವರ 1953ರ ತಪ್ಪು ನಮ್ಮ ಗೆಳೆಯನನ್ನೂ ಒಂದು ಕೇಳುತ್ತೆ: ಖರ್ಚು ಉಳಿಸಿದ್ದು ಯಾರ ಮಗುವಿನ ಲೆಕ್ಕದಲ್ಲಿ? ಎರಡನ್ನೂ ಒಟ್ಟಿಗೆ ಕೇಳದೆ ಇದ್ದರೆ ಆ ವಾದ ಅರ್ಧ ಎಸ್ಟಿಮೇಟ್ ಇದ್ದ ಹಾಗೆ.

ನವೆಂಬರ್‌ನಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಇದೆ. ಡೊಳ್ಳು ಬೇಕು, ಲೈಟಿಂಗ್ ಬೇಕು, ಊಟಕ್ಕೆ ಹೋಳಿಗೆ ಬೇಕು ಅಂತ ಈಗಲೇ ಪಟ್ಟಿ ಬಂದಿದೆ. ಮೀಟಿಂಗ್‌ನಲ್ಲಿ ಮೊದಲು ತಲಾ ಎಷ್ಟು ಅಂತ ಹೇಳ್ತೀವಿ, ಕೊಡೋಕೆ ಆಗದೋರ ಪಾಲು ಯಾರು ಹಾಕ್ತಾರೆ ಅಂತಾನೂ ಹೇಳ್ತೀವಿ. ಆಮೇಲೆ ಡೊಳ್ಳಿನ ಮಾತು.